ಹಳೆಯ ಪಿಸಿ ಆಟಗಳು ಹೊಸ ಲ್ಯಾಪ್‌ಟಾಪಿನಲ್ಲಿ ಓಡುತ್ತಿಲ್ಲ: ಎಂಟು ಸೀಡಿಗಳ ಪೆಟ್ಟಿಗೆಯ ಬಗ್ಗೆ ಸಲಹೆ ಬೇಕು

ಭತ್ತದ ನಾಡು, ಗಂಗಾವತಿ

ಯುಗಾದಿಗೆಂದು ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಎಂಟು ಸೀಡಿಗಳು ಸಿಕ್ಕವು. 1990ರ ದಶಕದ ಕೊನೆಯಿಂದ 2006ರವರೆಗೆ ನಾನೂ ನನ್ನ ತಮ್ಮನೂ ಕಾದಾಡಿಕೊಂಡು ಆಡಿದ ಆಟಗಳು ಅವು. ಮಗಳ ಓದಿಗಾಗಿ ಕೊಂಡ ವಿಂಡೋಸ್ 11ರ ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ಒಂದನ್ನು ತಂದು, ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿದೆ. ಒಂದೂ ಸರಿಯಾಗಿ ಓಡಲಿಲ್ಲ. ವಿಚಿತ್ರವೆಂದರೆ ಒಂದೊಂದೂ ಒಂದೊಂದು ರೀತಿಯಲ್ಲಿ ಸೋಲುತ್ತಿದೆ.

ವಿಂಡೋಸ್ 95ರ ಕಾಲದ ಎರಡು ಆಟಗಳ ಸೆಟಪ್ ಕಡತವನ್ನು ಒತ್ತಿದೊಡನೆ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡಲಾರದು’ ಎಂಬ ಫಲಕ ಬರುತ್ತದೆ. ಇನ್ನೊಂದು ಕಾರಿನ ಆಟ ಪೂರ್ತಿ ಅನುಸ್ಥಾಪನೆಯಾಗುತ್ತದೆ, ಆದರೆ ಐಕಾನ್ ಒತ್ತಿದರೆ ಒಂದು ಕ್ಷಣ ಕರ್ಸರ್ ತಿರುಗಿ ಸುಮ್ಮನಾಗುತ್ತದೆ. ದೋಷವೇನೆಂದು ಒಂದು ಅಕ್ಷರವನ್ನೂ ಹೇಳುವುದಿಲ್ಲ. 1997ರ ಏಜ್ ಆಫ್ ಎಂಪೈರ್ಸ್ ಡೈರೆಕ್ಟ್‌ಪ್ಲೇ ಎಂಬ ವಿಂಡೋಸ್‌ನ ಹಳೆಯ ಭಾಗ ಬೇಕೆಂದು ಕೇಳಿ, ಅದನ್ನು ಕೊಟ್ಟ ಮೇಲೆ ತೆರೆಯಿತು, ಆದರೆ ಚಿತ್ರವೆಲ್ಲ ಅಡ್ಡಡ್ಡಲಾಗಿ ಹಿಗ್ಗಿ, ಬಣ್ಣಗಳು ಆಗಾಗ ಕೆಡುತ್ತವೆ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಒಂದು ಸಣ್ಣ ಆಟವನ್ನು, ಆ ಕಾಲದ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ತಂತ್ರಾಂಶದಲ್ಲಿ ಹಾಕಿದರೆ ನಾಯಕ ಬಿರುಗಾಳಿಯಂತೆ ಓಡಿ ಹೋಗಿ ಸಾಯುತ್ತಾನೆ. ಒಂದು ಕ್ರಿಕೆಟ್ ಆಟ ಚೆನ್ನಾಗಿ ನಡೆಯುತ್ತದೆ, ಆದರೆ ಮುಚ್ಚಿ ತೆರೆದರೆ ಉಳಿಸಿದ ಪಂದ್ಯ ಇರುವುದಿಲ್ಲ. ಇವುಗಳ ಜೊತೆಗೆ, ಹಲವು ವರ್ಷಗಳ ಹಿಂದೆ ಆನ್‌ಲೈನಿನಲ್ಲಿ ಹಣ ಕೊಟ್ಟು ಕೊಂಡಿದ್ದ ಜಿಟಿಎ ಸ್ಯಾನ್ ಆ್ಯಂಡ್ರಿಯಾಸ್ ಓಡುತ್ತದಾದರೂ, ಅದರಲ್ಲಿದ್ದ ಸ್ಕಿಮ್ಮರ್ ಎಂಬ ನೀರಿನ ಮೇಲಿಳಿಯುವ ವಿಮಾನ ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ.

ಕಂಪಾಟಿಬಿಲಿಟಿ ಮೋಡ್‌ನಲ್ಲಿ ವಿಂಡೋಸ್ 98 ಎಂದು ಆರಿಸಿ ನೋಡಿದ್ದೇನೆ, ಯಾವುದಕ್ಕೂ ವ್ಯತ್ಯಾಸವಾಗಲಿಲ್ಲ. ಲ್ಯಾಪ್‌ಟಾಪಿನ ಪರದೆ 1920×1080. ತಿಳಿದವರು ದಾರಿ ತೋರಿಸಬೇಕು.

ಕೋಟೆ ಗುಡ್ಡ, ಬಳ್ಳಾರಿ

ನಾನು ಕೌಲ್‌ಬಜಾರಿನ ಕಡೆ ಗಣಕಯಂತ್ರಗಳ ದುರಸ್ತಿ ಮಾಡುವವನು. ಇಂಥ ಪೆಟ್ಟಿಗೆಗಳನ್ನು ಹಿಡಿದುಕೊಂಡು ವರ್ಷಕ್ಕೆ ನಾಲ್ಕೈದು ಜನ ಬರುತ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

‘ಹೊಸ ಯಂತ್ರಕ್ಕೆ ಹಳೆಯ ಆಟ ಆಗಿಬರುವುದಿಲ್ಲ’ ಎಂದುಕೊಂಡು ಹೊರಟರೆ ಎಂಟೂ ಸೀಡಿಗಳಿಗೆ ಒಂದೇ ಮದ್ದನ್ನು ಹುಡುಕುತ್ತೀರಿ, ಮತ್ತು ಅಂಥ ಮದ್ದು ಇಲ್ಲ. ಪ್ರತಿಯೊಂದು ಹಳೆಯ ಆಟವೂ ತನ್ನ ಕಾಲದ ಯಂತ್ರದ ಯಾವುದೋ ಒಂದು ಗೋಡೆಗೆ ಒರಗಿಕೊಂಡು ಕುಳಿತಿರುತ್ತದೆ, ಈಗ ಆ ಗೋಡೆ ಬಿದ್ದುಹೋಗಿದೆ. ಯಾವ ಗೋಡೆಯೆಂದು ಪತ್ತೆ ಮಾಡಿದರೆ, ಅಷ್ಟಕ್ಕೆ ಮಾತ್ರ ಒಂದು ಊರುಗೋಲು ಕೊಟ್ಟರೆ ಸಾಕಾಗುತ್ತದೆ. ಕಂಪಾಟಿಬಿಲಿಟಿ ಮೋಡ್ ಮುಖ್ಯವಾಗಿ ಮಾಡುವುದು, ‘ನೀನಿರುವುದು ವಿಂಡೋಸ್ 98ರಲ್ಲಿ’ ಎಂದು ಆಟಕ್ಕೆ ಸುಳ್ಳು ಹೇಳಿ, ಗೊತ್ತಿರುವ ಕೆಲವು ಸಣ್ಣಪುಟ್ಟ ತೊಡಕುಗಳಿಗೆ ತೇಪೆ ಹಾಕುವುದು. ಆವೃತ್ತಿ ಸಂಖ್ಯೆಯನ್ನು ನೋಡಿ ಹಿಂಜರಿಯುವ ಆಟಕ್ಕೆ ಅದು ಸಾಕು, ಗೋಡೆಯೇ ಇಲ್ಲದ ಕಡೆ ಸುಳ್ಳಿನಿಂದ ಪ್ರಯೋಜನವಿಲ್ಲ.

ನಿಮ್ಮ ಮೊದಲಿನ ಎರಡು ಆಟಗಳಲ್ಲಿ ಆಟ 32 ಬಿಟ್‌ನದೇ ಆಗಿರುವ ಸಂಭವ ಹೆಚ್ಚು, ಅದರ ಸೆಟಪ್ ಮಾತ್ರ ಅದಕ್ಕೂ ಹಿಂದಿನ ಪೀಳಿಗೆಯ 16 ಬಿಟ್‌ನದು. ಆಗ ವಿಂಡೋಸ್ 3.1 ಇದ್ದವರಿಗೂ ಕನಿಷ್ಠ ಒಂದು ಸಂದೇಶವನ್ನಾದರೂ ತೋರಿಸಬೇಕೆಂದು ಹಾಗೆ ಮಾಡುತ್ತಿದ್ದರು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಕ್ರಮವಿಧಿಗಳನ್ನು ನಡೆಸುವ ಭಾಗವನ್ನೇ ಇಟ್ಟಿಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೂ ಇಲ್ಲ. ಹೀಗಾಗಿ ಮನೆ ಗಟ್ಟಿಯಾಗಿದ್ದರೂ ಹೊಸಿಲು ದಾಟಲಾಗುತ್ತಿಲ್ಲ. ಇನ್‌ಸ್ಟಾಲ್‌ಶೀಲ್ಡ್ ಎಂಬ ಸೆಟಪ್ ತಯಾರಿಸುವ ತಂತ್ರಾಂಶದ 5ನೆಯ ಪೀಳಿಗೆಯ ಸೆಟಪ್‌ಗಳನ್ನು ಗುರುತಿಸಿ, ಅವುಗಳ ಬದಲಿಗೆ 32 ಬಿಟ್ ಪ್ರತಿಯನ್ನು ಓಡಿಸುವ ಏರ್ಪಾಡನ್ನು ಮೈಕ್ರೋಸಾಫ್ಟ್ 64 ಬಿಟ್ ವಿಂಡೋಸ್‌ನಲ್ಲಿ ಮಾಡಿತ್ತು, ಆದರೆ ಅದಕ್ಕಿಂತ ಹಿಂದಿನವಕ್ಕೆ ಆ ಭಾಗ್ಯವಿಲ್ಲ. ವೈನ್‌ವಿಡಿಎಂ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಂಡು ಸೆಟಪ್ ಕಡತವನ್ನು ಅದರ ಮೇಲೆ ಎಳೆದು ಬಿಟ್ಟರೆ ಬಹುಪಾಲು ಸೆಟಪ್‌ಗಳು ಓಡುತ್ತವೆ. ಅದಕ್ಕೂ ಮೊದಲು ಸೀಡಿಯನ್ನು ತೆರೆದು ನೋಡಿ: ಎಷ್ಟೋ ಆಟಗಳ ಕಡತಗಳು ಅಲ್ಲಿ ಬಿಚ್ಚಿಟ್ಟ ರೂಪದಲ್ಲೇ ಇರುತ್ತವೆ, ಫೋಲ್ಡರನ್ನು ನಕಲು ಮಾಡಿಕೊಂಡರೆ ಸೆಟಪ್‌ನ ಹಂಗೇ ಬೇಕಾಗುವುದಿಲ್ಲ.

ಸುಮ್ಮನಾಗುವ ಕಾರಿನ ಆಟದ ಮೇಲೆ ನನ್ನ ಅನುಮಾನ ಸೇಫ್‌ಡಿಸ್ಕ್ ಕಡೆಗಿದೆ. 1998ರಿಂದ ಸುಮಾರು ಹತ್ತು ವರ್ಷ ಅನೇಕ ಆಟಗಳ ಸೀಡಿಗಳಲ್ಲಿದ್ದ ನಕಲು ತಡೆ ವ್ಯವಸ್ಥೆ ಅದು. ಸೀಡಿ ಅಸಲಿಯೋ ಅಲ್ಲವೋ ಎಂದು ನೋಡಲು ಅದು ವಿಂಡೋಸ್‌ನ ಒಳಮನೆಯಲ್ಲೇ ಒಂದು ಡ್ರೈವರನ್ನು ಕೂರಿಸುತ್ತಿತ್ತು. ಆ ಡ್ರೈವರಿನ ದೋಷವನ್ನು ಬಳಸಿಕೊಂಡು ಯಾರು ಬೇಕಾದರೂ ಯಂತ್ರದ ಪೂರ್ಣ ಅಧಿಕಾರ ಪಡೆಯಬಹುದಾಗಿದ್ದರಿಂದ, 2015ರಲ್ಲಿ ವಿಂಡೋಸ್ 10 ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಅದೇ ವರ್ಷದ ಸೆಪ್ಟೆಂಬರಿನ ಭದ್ರತಾ ಪರಿಷ್ಕರಣೆ ವಿಂಡೋಸ್ 7 ಮತ್ತು 8ರಲ್ಲಿಯೂ ಅದನ್ನು ನಿಲ್ಲಿಸಿತು. ಯೂಟ್ಯೂಬಿನಲ್ಲಿ ಕೆಲವರು ಭದ್ರತೆಯನ್ನು ಸಡಿಲಿಸಿ ಆ ಹಳೆಯ ಡ್ರೈವರನ್ನೇ ಮತ್ತೆ ಕೂರಿಸಲು ಹೇಳಿಕೊಡುತ್ತಾರೆ. ಮಗಳು ಬ್ಯಾಂಕಿನ ವ್ಯವಹಾರವನ್ನೂ ಪರೀಕ್ಷೆಯ ಅರ್ಜಿಯನ್ನೂ ಮಾಡುವ ಯಂತ್ರದಲ್ಲಿ ಇದನ್ನು ಮಾಡುವುದು, ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ. ಆಟದ ಕೊನೆಯ ಅಧಿಕೃತ ಪ್ಯಾಚ್ ಇದೆಯೇ ನೋಡಿ, ಕೆಲವು ಪ್ರಕಾಶಕರು ಕೊನೆಯ ಪ್ಯಾಚ್‌ನಲ್ಲಿ ಸೀಡಿ ಪರೀಕ್ಷೆಯನ್ನು ತೆಗೆದುಹಾಕಿದ್ದಾರೆ. ಅಸಲಿ ಸೀಡಿ ನಿಮ್ಮಲ್ಲಿದ್ದರೆ ಸೇಫ್‌ಡಿಸ್ಕ್‌ಶಿಮ್ ಎಂಬ ಉಪಕರಣ ಆ ಡ್ರೈವರ್ ಕೊಡಬೇಕಾಗಿದ್ದ ಉತ್ತರವನ್ನು ಅದಿಲ್ಲದೆಯೇ ಆಟಕ್ಕೆ ಕೊಡುತ್ತದೆ. ಸೀಡಿ ಬಜಾರಿನಲ್ಲಿ ಸಿಗುತ್ತಿದ್ದ ನಕಲಾಗಿದ್ದರೆ ಜಿಓಜಿಯಂಥ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿ ಕೊಳ್ಳುವುದು ಒಳಿತು; ಅಲ್ಲಿನ ಪ್ರತಿಗಳಲ್ಲಿ ನಕಲು ತಡೆಯೂ ಇರುವುದಿಲ್ಲ, ಹೊಸ ವಿಂಡೋಸ್‌ಗೆ ಬೇಕಾದ ಹೊಂದಾಣಿಕೆಯನ್ನೂ ಸಾಮಾನ್ಯವಾಗಿ ಮಾಡಿರುತ್ತಾರೆ.

ಚಿನ್ನದ ಗಣಿ, ಹಟ್ಟಿ

ಇಷ್ಟೆಲ್ಲ ಕಸರತ್ತು ಏಕೆ ಬೇಕೆಂದು ನನಗೆ ಅರ್ಥವಾಗುವುದಿಲ್ಲ. ನನ್ನಲ್ಲಿ ಪೆಂಟಿಯಮ್ 4ರ ಒಂದು ಯಂತ್ರವಿದೆ, ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇದೆ, ಜೊತೆಗೆ ದಪ್ಪ ಗಾಜಿನ ಮಾನಿಟರ್ ಇದೆ. ನೀವು ಹೇಳಿದ ಆಟಗಳಲ್ಲಿ ಬಹುಪಾಲು ಅದರಲ್ಲಿ ಸೀಡಿ ಹಾಕಿದೊಡನೆ ಓಡುತ್ತವೆ. ಗೋಡೆಗಳೆಲ್ಲ ಇದ್ದ ಮನೆಯೇ ಉಳಿದಿರುವಾಗ ಊರುಗೋಲು ಯಾಕೆ?

ಕೋಟೆ ಗುಡ್ಡ, ಬಳ್ಳಾರಿ

ಇರುವವರಿಗೆ ಅದಕ್ಕಿಂತ ಸುಖವಿಲ್ಲ, ಒಪ್ಪುತ್ತೇನೆ. ಆದರೆ ಇಲ್ಲದವರು ಈಗ ಹುಡುಕಿ ತರುವುದನ್ನು ನಾನು ಸೂಚಿಸುವುದಿಲ್ಲ. ಆ ಕಾಲದ ಮದರ್‌ಬೋರ್ಡ್‌ಗಳ ಕೆಪಾಸಿಟರ್‌ಗಳು ಉಬ್ಬಿ ಒಡೆಯುವುದು ಬಹಳ ಸಾಮಾನ್ಯ, ನಮ್ಮ ಬೇಸಿಗೆ ಆ ಸಾವನ್ನು ಹತ್ತಿರ ತರುತ್ತದೆ. ನನ್ನ ಅಂಗಡಿಗೆ ಬರುವ ಹತ್ತು ಹಳೆಯ ಯಂತ್ರಗಳಲ್ಲಿ ಮೂರು ನಾಲ್ಕನ್ನು ಉಳಿಸಿದರೆ ದೊಡ್ಡದು. ನಿಮ್ಮ ಯಂತ್ರವನ್ನು ಮಾತ್ರ ಅಂತರಜಾಲಕ್ಕೆ ಜೋಡಿಸಬೇಡಿ; ಎಕ್ಸ್‌ಪಿಗೆ ಭದ್ರತಾ ಪರಿಷ್ಕರಣೆ ನಿಂತದ್ದು 2014ರ ಏಪ್ರಿಲ್ 8ರಂದು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯನ್ನೂ ಒಮ್ಮೆ ಬದಲಾಯಿಸಿಬಿಡಿ.

ಕಪ್ಪು ನೆಲ, ಸಿಂಧನೂರು

ಡಾಸ್ ಆಟದ ಬಗ್ಗೆ ನಾನು ಹೇಳಬಹುದು, ಏಕೆಂದರೆ ನನ್ನ ಆಸಕ್ತಿಯೆಲ್ಲ ಅಲ್ಲಿಯೇ ಇದೆ.

ಮೊದಲ ಐಬಿಎಂ ಪಿಸಿಯ ಪ್ರೊಸೆಸರ್ 4.77 ಮೆಗಾಹರ್ಟ್ಸ್ ವೇಗದ್ದು. ಅಂಥ ಯಂತ್ರಕ್ಕೆ ಬರೆದ ಎಷ್ಟೋ ಆಟಗಳಲ್ಲಿ ಗಡಿಯಾರವನ್ನು ನೋಡುವ ಪದ್ಧತಿಯೇ ಇರಲಿಲ್ಲ. ಒಂದು ಹೆಜ್ಜೆ ಇಟ್ಟ ಮೇಲೆ ಇಂತಿಷ್ಟು ಸಾರಿ ಸುಮ್ಮನೆ ಎಣಿಸಿ, ಆಮೇಲೆ ಮುಂದಿನ ಹೆಜ್ಜೆ ಇಡುತ್ತಿದ್ದವು. ಎಣಿಸುವವನು ಚುರುಕಾದರೆ ನಡಿಗೆಯೂ ಚುರುಕಾಗುತ್ತದೆ, ಅಷ್ಟೇ. ಹಳೆಯ ಯಂತ್ರಗಳ ಮುಂಭಾಗದಲ್ಲಿ ಟರ್ಬೋ ಎಂಬ ಗುಂಡಿ ಇರುತ್ತಿತ್ತಲ್ಲ, ಅದರ ಹೆಸರು ವೇಗದ್ದಾದರೂ ನಿಜವಾದ ಉಪಯೋಗ ಇಂಥ ಆಟಗಳಿಗಾಗಿ ಯಂತ್ರವನ್ನು ನಿಧಾನ ಮಾಡುವುದೇ ಆಗಿತ್ತು.

ಡಾಸ್‌ಬಾಕ್ಸ್‌ನಲ್ಲಿ ಆ ಗುಂಡಿಯ ಕೆಲಸವನ್ನು ಸೈಕಲ್ಸ್ ಎಂಬ ಸಂಖ್ಯೆ ಮಾಡುತ್ತದೆ. ಸಂರಚನೆಯ ಕಡತದಲ್ಲಿ ಅದು ‘ಮ್ಯಾಕ್ಸ್’ ಎಂದಿದ್ದರೆ ನಿಮ್ಮ ನಾಯಕ ಓಡಿ ಹೋಗಿ ಸಾಯುವುದು ಸಹಜ. ಅದನ್ನು ‘ಫಿಕ್ಸ್‌ಡ್ 3000’ ಎಂದು ಬರೆದು ಶುರು ಮಾಡಿ. ಆಟ ನಡೆಯುತ್ತಿರುವಾಗಲೇ ಕಂಟ್ರೋಲ್ ಜೊತೆಗೆ ಎಫ್11 ಒತ್ತಿದರೆ ಕಡಿಮೆಯಾಗುತ್ತದೆ, ಎಫ್12 ಒತ್ತಿದರೆ ಹೆಚ್ಚಾಗುತ್ತದೆ. 1980ರ ದಶಕದ ಆಟಗಳು ಮೂರು ಸಾವಿರಕ್ಕಿಂತ ಬಹಳ ಕೆಳಗೆ ಹಿತವಾಗುತ್ತವೆ, 1994-95ರ ಆಟಗಳು ಹತ್ತಾರು ಸಾವಿರ ಕೇಳುತ್ತವೆ. ಸರಿಯಾದ ಸಂಖ್ಯೆಯನ್ನು ಕಿವಿಯಿಂದ ಹುಡುಕುವುದು ನನ್ನ ರೂಢಿ: ಸಂಗೀತ ಎಳೆದಂತೆ ಕೇಳಿಸಿದರೆ ಸೈಕಲ್ಸ್ ಸಾಲದು, ಮಾತು ತುಂಡುತುಂಡಾದರೆ ನಿಮ್ಮ ಯಂತ್ರ ಭರಿಸುವುದಕ್ಕಿಂತ ಹೆಚ್ಚು ಕೇಳುತ್ತಿದ್ದೀರಿ.

ಇದಕ್ಕಿಂತ ಸ್ವಾರಸ್ಯದ ರೋಗ ಇನ್ನೊಂದಿದೆ. ಬೋರ್ಲೆಂಡ್ ಕಂಪನಿಯ ಟರ್ಬೋ ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಎಷ್ಟೋ ಆಟಗಳು ವೇಗದ ಯಂತ್ರದಲ್ಲಿ ತೆರೆಯುವ ಮೊದಲೇ ‘ರನ್‌ಟೈಮ್ ಎರರ್ 200’ ಎಂದು ಹೇಳಿ ನಿಲ್ಲುತ್ತವೆ. ಅದು ಸೊನ್ನೆಯಿಂದ ಭಾಗಿಸಿದಾಗ ಬರುವ ದೋಷದ ಸಂಖ್ಯೆ, ಆದರೆ ಇಲ್ಲಿ ಯಾರೂ ಸೊನ್ನೆಯಿಂದ ಭಾಗಿಸಿರುವುದಿಲ್ಲ. ಯಂತ್ರ ಎಷ್ಟು ವೇಗದ್ದೆಂದು ಅಳೆಯಲು ಆ ಭಾಷೆಯ ಒಂದು ಭಾಗ ಶುರುವಿನಲ್ಲೇ 55 ಮಿಲಿಸೆಕೆಂಡುಗಳ ಕಾಲ ಸುಮ್ಮನೆ ಸುತ್ತು ಹಾಕಿ, ಆ ಸುತ್ತುಗಳ ಎಣಿಕೆಯನ್ನು 55ರಿಂದ ಭಾಗಿಸುತ್ತದೆ. ಪೆಂಟಿಯಮ್ 2ರ ಹೊತ್ತಿಗೆ ಆ ಉತ್ತರ 16 ಬಿಟ್‌ನ ಪಾತ್ರೆಯಲ್ಲಿ ಹಿಡಿಯದಷ್ಟು ದೊಡ್ಡದಾಯಿತು. ಸೇರಿನಲ್ಲಿ ಅಳೆಯುವವನ ಮುಂದೆ ಲಾರಿ ಭತ್ತ ಸುರಿದಂತೆ. ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್ ಇಳಿಸಿದರೆ ಇದೂ ಮಾಯವಾಗುತ್ತದೆ.

ಇನ್ನು ಚಿತ್ರದ ಆಕಾರ. ಡಾಸ್ ಆಟಗಳು ಸಾಮಾನ್ಯವಾಗಿ 320×200ರಲ್ಲಿ ಬರೆದವು, ಆದರೆ ಅದನ್ನು 4:3ರ ಗಾಜಿನ ಪರದೆ ಪೂರ್ತಿ ತುಂಬಿಸಿ ತೋರಿಸುತ್ತಿತ್ತು. ಅಂದರೆ ಒಂದೊಂದು ಚುಕ್ಕೆಯೂ ಅಗಲಕ್ಕಿಂತ 1.2 ಪಟ್ಟು ಎತ್ತರವಾಗಿತ್ತು. ಡಾಸ್‌ಬಾಕ್ಸ್‌ನಲ್ಲಿ ‘ಆಸ್ಪೆಕ್ಟ್’ ಎಂಬುದನ್ನು ‘ಟ್ರೂ’ ಮಾಡದಿದ್ದರೆ ಚಂದ್ರ ಚಪಾತಿಯಾಗುತ್ತಾನೆ, ಮನುಷ್ಯರು ಕುಳ್ಳಾಗುತ್ತಾರೆ. ಮೂಲ ಡಾಸ್‌ಬಾಕ್ಸ್‌ಗಿಂತ ಡಾಸ್‌ಬಾಕ್ಸ್ ಸ್ಟೇಜಿಂಗ್ ಎಂಬ ಕವಲು ಈ ವಿಷಯದಲ್ಲಿ ಹೆಚ್ಚು ಜಾಣತನದ್ದು.

ಎಡದಂಡೆ ಕಾಲುವೆ, ಮಾನ್ವಿ

ಏಜ್ ಆಫ್ ಎಂಪೈರ್ಸ್‌ನ ಬಣ್ಣದ ಸಮಸ್ಯೆ ನಮ್ಮ ಕಾಲೇಜಿನ ದಿನಗಳಲ್ಲೇ ವಿಂಡೋಸ್ 7 ಬಂದಾಗ ಎದುರಾಗಿತ್ತು. ಹುಲ್ಲು ನೇರಳೆ, ನೀರು ಕೆಂಪು. ಆಗ ನಾವೆಲ್ಲ ಗ್ರಾಫಿಕ್ಸ್ ಕಾರ್ಡ್ ಸುಟ್ಟಿದೆ ಎಂದುಕೊಂಡಿದ್ದೆವು.

ಕಾರಣ ಹೀಗಿದೆ. ಆ ಆಟ ಒಂದೊಂದು ಚುಕ್ಕೆಗೂ ನೇರವಾಗಿ ಬಣ್ಣವನ್ನು ಬರೆಯುವುದಿಲ್ಲ, 256 ಬಣ್ಣಗಳ ಒಂದು ಪಟ್ಟಿಯನ್ನು ಇಟ್ಟುಕೊಂಡು ‘ಈ ಚುಕ್ಕೆಗೆ 47ನೆಯ ಬಣ್ಣ’ ಎಂದು ಬರೆಯುತ್ತದೆ. ಪಟ್ಟಿ ಇಡೀ ಪರದೆಗೆ ಒಂದೇ. ಹಿಂದೆ ನಿಂತ ಡೆಸ್ಕ್‌ಟಾಪ್ ಆ ಪಟ್ಟಿಯಲ್ಲಿ ಕೈಯಾಡಿಸಿದರೆ ಆಟದ ಚುಕ್ಕೆಗಳು ಹಾಗೆಯೇ ಇದ್ದೂ ಬಣ್ಣಗಳು ಅದಲುಬದಲಾಗುತ್ತವೆ. ಅದಕ್ಕೇ ಆಗ ಟಾಸ್ಕ್ ಮ್ಯಾನೇಜರ್ ತೆರೆದು ಎಕ್ಸ್‌ಪ್ಲೋರರ್ ಅನ್ನು ಮುಚ್ಚಿ ಆಟ ಆಡುತ್ತಿದ್ದೆವು. ಈಗ ಆ ಒರಟು ಉಪಾಯ ಬೇಡ. ಸಿಎನ್‌ಸಿ ಡಿಡ್ರಾ ಎಂಬ ಪುಟ್ಟ ತಂತ್ರಾಂಶವಿದೆ. ಚಿತ್ರ ಬಿಡಿಸುವ ಕೆಲಸದ ಅದರ ಡಿಡ್ರಾ ಡಿಎಲ್‌ಎಲ್ ಕಡತವನ್ನು ಆಟದ ಫೋಲ್ಡರಿನಲ್ಲಿ ಹಾಕಿದರೆ ಆಟ ವಿಂಡೋಸ್‌ನದನ್ನು ಬಿಟ್ಟು ಇದನ್ನೇ ಮಾತನಾಡಿಸುತ್ತದೆ, ಇದು ಆ 256 ಬಣ್ಣಗಳ ಲೆಕ್ಕವನ್ನು ತಾನೇ ಇಟ್ಟುಕೊಂಡು ಪರದೆಗೆ ಸಿದ್ಧ ಚಿತ್ರವನ್ನು ಕಳಿಸುತ್ತದೆ. ಆಕಾರ ಕಾಯ್ದುಕೊಳ್ಳುವ ಆಯ್ಕೆಯೂ ಅದರಲ್ಲೇ ಇದೆ.

ಮೂರು ಆಯಾಮದ ಆಟಗಳಿಗೆ ಡಿಜಿವೂಡೂ 2 ಉತ್ತಮ. 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್‌ಗಳು 1996ರಲ್ಲಿ ಬಂದಾಗ ಅವುಗಳಿಗೆ ಗ್ಲೈಡ್ ಎಂಬ ಪ್ರತ್ಯೇಕ ಭಾಷೆಯಿತ್ತು. ಕಂಪನಿ ಮುಳುಗಿ ಅದರ ಆಸ್ತಿ 2000ದ ಕೊನೆಯಲ್ಲಿ ಎನ್‌ವಿಡಿಯಾ ಪಾಲಾದ ಮೇಲೆ ಆ ಭಾಷೆಯನ್ನು ಮಾತನಾಡುವ ಕಾರ್ಡೇ ಉಳಿಯಲಿಲ್ಲ. ಡಿಜಿವೂಡೂ ಆ ಗ್ಲೈಡನ್ನೂ ವಿಂಡೋಸ್‌ನದೇ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್‌ನ ಹಳೆಯ ಆವೃತ್ತಿಗಳನ್ನೂ ಇಂದಿನ ಡೈರೆಕ್ಟ್‌3ಡಿ 11 ಅಥವಾ 12ಕ್ಕೆ ಅನುವಾದಿಸುತ್ತದೆ. ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಹಿಗ್ಗಿದ ಚಿತ್ರದ ವಿಷಯಕ್ಕೆ ಬಂದರೆ, ನಿಮ್ಮ 1080ರ ಎತ್ತರಕ್ಕೆ 4:3ರ ಚಿತ್ರ 1440 ಅಗಲ ತೆಗೆದುಕೊಳ್ಳುತ್ತದೆ, ಎರಡೂ ಬದಿಗೆ 240ರಂತೆ ಕಪ್ಪು ಪಟ್ಟಿ ಉಳಿಯುತ್ತದೆ. ಆ ಪಟ್ಟಿಗಳನ್ನು ಸಹಿಸಿಕೊಳ್ಳಿ ಎಂಬುದು ನನ್ನ ಸಲಹೆ. ಸಹಿಸಲಾರದವರು ಆಟದ ಮೂಲ ಕಡತವನ್ನೇ, ಅದರ ಬೈಟ್‌ಗಳನ್ನು ತೋರಿಸಿ ತಿದ್ದಗೊಡುವ ಹೆಕ್ಸ್ ಎಡಿಟರಿನಲ್ಲಿ ತೆರೆಯುತ್ತಾರೆ. 4ನ್ನು 3ರಿಂದ ಭಾಗಿಸಿದ 1.333 ಎಂಬ ಸಂಖ್ಯೆ ಅಲ್ಲಿ ‘ಎಬಿ ಎಎ ಎಎ 3ಎಫ್’ ಎಂಬ ನಾಲ್ಕು ಬೈಟ್‌ಗಳಾಗಿ ಕುಳಿತಿರುತ್ತದೆ, ಅದನ್ನು ‘39 8ಇ ಇ3 3ಎಫ್’ ಎಂದು ತಿದ್ದಿದರೆ 16:9 ಆಗುತ್ತದೆ. ಬೈಟ್‌ಗಳು ಸಿಕ್ಕರೂ ಅವು ಬೇರೆ ಯಾವುದಕ್ಕೋ ಸಂಬಂಧಿಸಿದವಾಗಿರಬಹುದು, ಆದ್ದರಿಂದ ಮೂಲ ಕಡತದ ಒಂದು ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೈ ಹಾಕಿ. ಎರಡು ಆಯಾಮದ ಆಟಗಳಲ್ಲಿ ಈ ಉಪಾಯ ನಡೆಯುವುದೇ ಇಲ್ಲ.

ಕಿನ್ನಾಳ ಬೊಂಬೆ, ಕೊಪ್ಪಳ

ಉಳಿಯದ ಕ್ರಿಕೆಟ್ ಪಂದ್ಯದ ಬಗ್ಗೆ ಒಂದು ಪ್ರಶ್ನೆ: ಆ ಲ್ಯಾಪ್‌ಟಾಪಿನಲ್ಲಿ ಬಳಕೆದಾರರ ಹೆಸರನ್ನು ಕನ್ನಡದಲ್ಲಿ ಕೊಟ್ಟಿದ್ದೀರಾ?

ಭತ್ತದ ನಾಡು, ಗಂಗಾವತಿ

ಹೌದು, ಮಗಳು ತನ್ನ ಹೆಸರನ್ನು ಕನ್ನಡದಲ್ಲೇ ಬರೆದಿದ್ದಾಳೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಿನ್ನಾಳ ಬೊಂಬೆ, ಕೊಪ್ಪಳ

ಸಂಬಂಧವಿದೆ, ಇದು ನಮ್ಮ ಭಾಷೆಯವರಿಗೇ ಹೆಚ್ಚಾಗಿ ತಟ್ಟುವ ತೊಂದರೆಯಾದ್ದರಿಂದ ಇಂಗ್ಲಿಷ್ ತಾಣಗಳಲ್ಲಿ ಇದರ ಉತ್ತರ ಬೇಗ ಸಿಗುವುದಿಲ್ಲ.

ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡ್ ಬಳಕೆಗೆ ಬರುವ ಮೊದಲು ವಿಂಡೋಸ್ ಹಲವು ಲಿಪಿಗಳಿಗೆ ಕೋಡ್ ಪೇಜ್ ಎಂಬ ಒಂದೊಂದು ಅಕ್ಷರ ಪಟ್ಟಿ ಇಟ್ಟುಕೊಂಡಿತ್ತು. ರಷ್ಯನ್ನಿಗೆ ಒಂದು, ಗ್ರೀಕಿಗೆ ಒಂದು, ಅರಬ್ಬಿಗೆ ಒಂದು. ಹಳೆಯ ಆಟಗಳು ಕಡತದ ದಾರಿಯನ್ನು ಓದುವುದು ಆ ಪುಟದ ಮೂಲಕವೇ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಪುಟ ಎಂದೂ ಇರಲಿಲ್ಲ. ನಮ್ಮ ಭಾಷೆ ವಿಂಡೋಸ್ ಒಳಗೆ ಬಂದದ್ದೇ ಯೂನಿಕೋಡ್ ಮೂಲಕ. ಅದಕ್ಕೆ ಮುಂಚೆ ನಾವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟ್‌ಗಳಲ್ಲೇ ಬರೆಯುತ್ತಿದ್ದೆವಲ್ಲವೇ? ಹೀಗಾಗಿ ಬಳಕೆದಾರರ ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಹಳೆಯ ಆಟಕ್ಕೆ ಅದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪ್ರಶ್ನಾರ್ಥಕ ಚಿಹ್ನೆಯನ್ನು ಫೋಲ್ಡರಿನ ಹೆಸರಿನಲ್ಲಿ ವಿಂಡೋಸ್ ಒಪ್ಪುವುದೂ ಇಲ್ಲ. ಆಟ ಪಂದ್ಯವನ್ನು ಉಳಿಸಲು ಹೋಗಿ, ದಾರಿ ಕಾಣದೆ ಮರಳಿ, ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿ ‘ಆಟ’ ಎಂಬ ಇನ್ನೊಂದು ಬಳಕೆದಾರ ಖಾತೆಯನ್ನು ತೆರೆದು ಅದರೊಳಗಿಂದ ಆಡಿ. ಕನ್ನಡದ ಹೆಸರನ್ನು ಅಳಿಸುವ ಅಗತ್ಯವಿಲ್ಲ. ಖಾತೆಯ ಹೆಸರನ್ನು ಆಮೇಲೆ ಬದಲಾಯಿಸಿದರೂ ಫೋಲ್ಡರಿನ ಹೆಸರು ಬದಲಾಗುವುದಿಲ್ಲ ಎಂಬುದನ್ನು ನೆನಪಿಡಿ. ಭಾಷೆಯ ಸೆಟ್ಟಿಂಗ್‌ಗಳಲ್ಲಿ ಇಡೀ ವ್ಯವಸ್ಥೆಯನ್ನು ಯೂನಿಕೋಡಿನ ಒಂದು ರೂಪವಾದ ಯುಟಿಎಫ್-8ಕ್ಕೆ ತಿರುಗಿಸುವ ಒಂದು ಪ್ರಾಯೋಗಿಕ ಆಯ್ಕೆಯೂ ಇದೆ, ಆದರೆ ಅದರಿಂದ ಬೇರೆ ಹಳೆಯ ತಂತ್ರಾಂಶಗಳು ಕೆಟ್ಟದ್ದನ್ನು ನಾನೇ ಅನುಭವಿಸಿದ್ದೇನೆ.

ಇದರ ಜೊತೆಗೆ ಆಟಗಳನ್ನು ಪ್ರೋಗ್ರಾಮ್ ಫೈಲ್ಸ್ ಒಳಗೆ ಹಾಕಬೇಡಿ. ವಿಸ್ಟಾದ ಕಾಲದಿಂದ ಅಲ್ಲಿ ಬರೆಯಲು ಸಾಮಾನ್ಯ ಬಳಕೆದಾರನಿಗೆ ಅನುಮತಿಯಿಲ್ಲ, ಹಳೆಯ ಆಟ ಅಲ್ಲಿಯೇ ಬರೆಯಲು ಹೋದರೆ ವಿಂಡೋಸ್ ಅದನ್ನು ಗುಟ್ಟಾಗಿ ವರ್ಚುವಲ್‌ಸ್ಟೋರ್ ಎಂಬ ಇನ್ನೊಂದು ಫೋಲ್ಡರಿಗೆ ತಿರುಗಿಸುತ್ತದೆ. ಸಿ ಡ್ರೈವ್‌ನಲ್ಲಿ ಬೇರೆಯೇ ಒಂದು ಫೋಲ್ಡರ್ ಮಾಡಿಕೊಂಡರೆ ಈ ಗೊಂದಲವಿಲ್ಲ.

ಕೋಟೆ ಗುಡ್ಡ, ಬಳ್ಳಾರಿ

ಕಳೆದುಹೋದ ವಿಮಾನದ ಕತೆ ಉಳಿದಿದೆ, ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ.

ಸ್ಯಾನ್ ಆ್ಯಂಡ್ರಿಯಾಸ್ ಪಿಸಿಗೆ ಬಂದದ್ದು 2005ರಲ್ಲಿ. ಆಟದ ವಾಹನಗಳ ವಿವರವೆಲ್ಲ ಒಂದು ಸಾದಾ ಪಠ್ಯ ಕಡತದಲ್ಲಿದೆ, ಒಂದು ವಾಹನಕ್ಕೆ ಒಂದು ಸಾಲು. ಹಿಂದಿನ ಆಟವಾದ ವೈಸ್ ಸಿಟಿಯಲ್ಲಿ ಸ್ಕಿಮ್ಮರ್ ಅನ್ನು ದೋಣಿ ಎಂದು ನಮೂದಿಸಿದ್ದರು, ದೋಣಿಗೆ ಚಕ್ರದ ಅಳತೆ ಬೇಕಿಲ್ಲ. ಸ್ಯಾನ್ ಆ್ಯಂಡ್ರಿಯಾಸ್‌ಗೆ ಬರುವಾಗ ಅದನ್ನು ವಿಮಾನವೆಂದು ಬದಲಿಸಿದರು, ಆದರೆ ವಿಮಾನಕ್ಕೆ ಬೇಕಾದ ಚಕ್ರದ ಅಳತೆಗಳನ್ನು ಸಾಲಿನ ಕೊನೆಗೆ ಸೇರಿಸಲು ಮರೆತರು. ಆಟ ಆ ಸಾಲನ್ನು ಓದುವಾಗ, ಸಿಗದ ಅಳತೆಯ ಜಾಗದಲ್ಲಿ ಮೆಮೊರಿಯಲ್ಲಿ ಅದಾಗಲೇ ಏನಿತ್ತೋ ಅದನ್ನೇ ಬಳಸಿಕೊಳ್ಳುತ್ತಿತ್ತು. ಅಲ್ಲಿ ಇರುತ್ತಿದ್ದದ್ದು ಸ್ವಲ್ಪ ಮುಂಚೆ ಓದಿದ ಇನ್ನೊಂದು ವಾಹನದ ಅಳತೆ, ಅದು ಹೇಗೋ ಸರಿಹೋಗುತ್ತಿತ್ತು. ಹೀಗೆ ಸುಮಾರು ಇಪ್ಪತ್ತು ವರ್ಷ ನಡೆಯಿತು.

ವಿಂಡೋಸ್ 11ರ 24ಎಚ್2 ಆವೃತ್ತಿ ತನ್ನ ಒಳಗಿನ ಯಾವುದೋ ಕೆಲಸಕ್ಕೆ ಮೆಮೊರಿಯ ಆ ಜಾಗವನ್ನು ಸ್ವಲ್ಪ ಹೆಚ್ಚಾಗಿ ಬಳಸತೊಡಗಿತು, ಅದಕ್ಕೆ ಆ ಹಕ್ಕು ಪೂರ್ತಿಯಾಗಿ ಇತ್ತು. ಹಳೆಯ ಅಳತೆ ಅಳಿಸಿಹೋಗಿ ಕಸ ಉಳಿಯಿತು, ಸ್ಕಿಮ್ಮರ್ ಆಟದಿಂದ ಕಾಣೆಯಾಯಿತು. ಯಾರಾದರೂ ಉಪಾಯದಿಂದ ಅದನ್ನು ತರಿಸಿ ಹತ್ತಿ ಕುಳಿತರೆ ನಾಯಕ ಆಕಾಶದಾಚೆಗೆ ಚಿಮ್ಮಿಹೋಗುತ್ತಿದ್ದ. ಸೈಲೆಂಟ್‌ಪ್ಯಾಚ್ ಎಂಬ ತಿದ್ದುಪಡಿಯನ್ನು ಬರೆಯುವವರು 2025ರಲ್ಲಿ ಇದರ ಬೇರು ಹಿಡಿದು ವಿವರವಾಗಿ ಬರೆದಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವಾಗಿ ದೂರು ಹೊತ್ತದ್ದು ಮೈಕ್ರೋಸಾಫ್ಟ್, ತಪ್ಪಿದ್ದದ್ದು ಕುಣಿತದಲ್ಲಿ.

ಸೈಲೆಂಟ್‌ಪ್ಯಾಚ್ ಹಾಕಿ, ವಿಮಾನ ಮರಳಿ ಬರುತ್ತದೆ. ಫ್ರೇಮ್ ಲಿಮಿಟರ್ ಎಂಬ ಆಯ್ಕೆಯನ್ನು ಮಾತ್ರ ಆಫ್ ಮಾಡಬೇಡಿ. ಆ ಆಟದ ಚಲನೆಯ ಲೆಕ್ಕ ಸೆಕೆಂಡಿಗೆ ಸುಮಾರು 30 ಚಿತ್ರಗಳಿಗೆ ಹೊಂದಿಕೊಂಡದ್ದು. ಅದನ್ನು ಮೀರಿದರೆ ನಾಯಕನಿಗೆ ಈಜಲೂ ಆಗದಷ್ಟು ನೀರು ಗಟ್ಟಿಯಾಗುತ್ತದೆ.

ಬಿಸಿಲ ನಾಡು, ಶಕ್ತಿನಗರ

ಇದೇ ಸಂದರ್ಭದಲ್ಲಿ ಶಾಖದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 1999ರ ಆಟ ಹೊಸ ಲ್ಯಾಪ್‌ಟಾಪಿಗೆ ತೃಣಸಮಾನವೆಂದು ಎಲ್ಲರೂ ಭಾವಿಸುತ್ತಾರೆ, ಆದರೆ ನನ್ನದು ಅಂಥದೊಂದು ಆಟದ ಬರಿಯ ಮೆನುವಿನಲ್ಲಿ ನಿಂತಾಗಲೇ ಫ್ಯಾನ್ ಕೂಗಿ, ಕೆಳಭಾಗ ಮುಟ್ಟಲಾರದಷ್ಟು ಸುಟ್ಟಿತು. ಹಳೆಯ ಆಟಕ್ಕೆ ಲಗಾಮಿಲ್ಲದಿದ್ದರೆ ಅದು ಸೆಕೆಂಡಿಗೆ ಸಾವಿರಾರು ಸಲ ಅದೇ ಚಿತ್ರವನ್ನು ಬರೆಯುತ್ತಾ ಕೂರುತ್ತದೆ, ಪರದೆ ತೋರಿಸುವುದು ಅದರಲ್ಲಿ 60ನ್ನು ಮಾತ್ರ. ನಮ್ಮ ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಕೋಣೆಯೇ 40 ಡಿಗ್ರಿಯ ಹತ್ತಿರ ಇರುವಾಗ ಇದು ಹುಡುಗಾಟವಲ್ಲ. ಡಿಜಿವೂಡೂವಿನಲ್ಲಿಯೇ ಫ್ರೇಮ್ ಮಿತಿ ಹಾಕುವ ಆಯ್ಕೆಯಿದೆ, ಅಲ್ಲಿ 60 ಎಂದು ಬರೆಯಿರಿ.

ಕಪ್ಪು ನೆಲ, ಸಿಂಧನೂರು

ಲಿನಕ್ಸ್ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, 16 ಬಿಟ್ ಸೆಟಪ್‌ಗಳು ವಿಂಡೋಸ್ ತಂತ್ರಾಂಶಗಳನ್ನು 64 ಬಿಟ್ ಲಿನಕ್ಸಿನಲ್ಲಿ ಓಡಿಸುವ ವೈನ್‌ನಲ್ಲಿ ಹೆಚ್ಚಿನ ತಕರಾರಿಲ್ಲದೆ ಓಡುತ್ತವೆ. ವಿಂಡೋಸ್ ತೊರೆದದ್ದನ್ನು ವೈನ್ ಸಾಕಿಕೊಂಡಿದೆ ಎಂಬುದು ನನಗೆ ಸದಾ ತಮಾಷೆಯಾಗಿ ಕಾಣುತ್ತದೆ. ಆದರೆ ಎಂಟು ಆಟಗಳಿಗಾಗಿ ಮಗಳ ಲ್ಯಾಪ್‌ಟಾಪಿನ ಕಾರ್ಯವ್ಯವಸ್ಥೆಯನ್ನೇ ಬದಲಿಸಿ ಎಂದು ಹೇಳಲಾರೆ.

ಭತ್ತದ ನಾಡು, ಗಂಗಾವತಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರಗಳ ಫಲಿತಾಂಶ ಹೀಗಿದೆ. 16 ಬಿಟ್ ಸೆಟಪ್‌ನ ಆಟಗಳಲ್ಲಿ ಒಂದಕ್ಕೆ ಸೆಟಪ್ ಬೇಕಾಗಲೇ ಇಲ್ಲ, ಫೋಲ್ಡರ್ ನಕಲಿಸಿದೊಡನೆ ಓಡಿತು. ಇನ್ನೊಂದು ವೈನ್‌ವಿಡಿಎಂ ಮೂಲಕ ಒಳಬಂದಿತು. ಹುಲ್ಲು ಹಸಿರಾಯಿತು. ಡಾಸ್ ಆಟ 2400 ಸೈಕಲ್ಸ್‌ನಲ್ಲಿ ನನ್ನ ನೆನಪಿನ ನಡಿಗೆಗೆ ಬಂದಿತು. ‘ಆಟ’ ಖಾತೆಯಲ್ಲಿ ಕ್ರಿಕೆಟ್ ಪಂದ್ಯ ಉಳಿಯುತ್ತಿದೆ. ತನ್ನ ಹೆಸರು ಕನ್ನಡದಲ್ಲಿದ್ದುದೇ ಕಾರಣವೆಂದು ಕೇಳಿ ಮಗಳು ಆಟದವರ ಮೇಲೆ ಸಿಟ್ಟಾಗಿದ್ದಾಳೆ. ಸ್ಕಿಮ್ಮರ್ ನೀರಿನ ಮೇಲೆ ನಿಂತಿದೆ. ಕಾರಿನ ಆಟದ ಸೀಡಿ ನಕಲೆಂದು ಗೊತ್ತಾಯಿತು, ಅದನ್ನು ಕೈಬಿಟ್ಟೆ.

ಎರಡು ತೊಂದರೆಗಳು ಉಳಿದಿವೆ. ಕ್ವೇಕ್ ಎಂಬ ಆಟದ ಸೀಡಿಯನ್ನು ಐಎಸ್‌ಓ ಎಂಬ ಒಂದೇ ಕಡತವಾಗಿ ನಕಲಿಸಿಟ್ಟುಕೊಂಡು ಆಡಿದರೆ ಗುಂಡಿನ ಸದ್ದು ಬರುತ್ತದೆ, ಸಂಗೀತ ಬರುವುದಿಲ್ಲ. ಕೊನೆಯ ಸೀಡಿಯನ್ನು ಡ್ರೈವ್ ಅರ್ಧದವರೆಗೆ ಓದಿ ನಿಂತುಬಿಡುತ್ತದೆ.

ಕಪ್ಪು ನೆಲ, ಸಿಂಧನೂರು

1996ರ ಕ್ವೇಕ್‌ನ ಸಂಗೀತ ಕಡತಗಳಲ್ಲಿಲ್ಲ, ಹಾಡಿನ ಸೀಡಿಯಲ್ಲಿರುವಂತೆ ಆಡಿಯೋ ಟ್ರ್ಯಾಕ್‌ಗಳಾಗಿ ಅದೇ ಸೀಡಿಯ ಮೇಲಿದೆ. ಹಾಡುಗಳ ಸೀಡಿ ಪ್ಲೇಯರಿನಲ್ಲಿ ಹಾಕಿದರೂ ಅದು ಹಾಡುತ್ತದೆ. ಐಎಸ್‌ಓ ಹಿಡಿದಿಡುವುದು ಡೇಟಾ ಟ್ರ್ಯಾಕನ್ನು ಮಾತ್ರ. ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳಾಗಿ ಮತ್ತೊಮ್ಮೆ ನಕಲಿಸಿಕೊಳ್ಳಿ, ಸಂಗೀತವೂ ಜೊತೆಗೆ ಬರುತ್ತದೆ.

ಕೊನೆಯ ಸೀಡಿಯಲ್ಲಿ ಗೀರು ಯಾವ ಬದಿಗಿದೆ? ಹೊಳೆಯುವ ಬದಿಗಿದ್ದರೆ ಆಶೆಯಿದೆ, ಅಲ್ಲಿ ದಪ್ಪನೆಯ ಪ್ಲಾಸ್ಟಿಕ್ ಪದರವಿದ್ದು ಅದನ್ನು ನಯಗೊಳಿಸಬಹುದು. ಹೆಸರು ಬರೆಯುವ ಬದಿಗಿದ್ದರೆ ಕಷ್ಟ, ಏಕೆಂದರೆ ಮಾಹಿತಿಯ ಪದರ ಇರುವುದು ಆ ಬದಿಯ ತೆಳುವಾದ ಲೇಪನದ ಕೆಳಗೇ.

ಭತ್ತದ ನಾಡು, ಗಂಗಾವತಿ

ಹೊಳೆಯುವ ಬದಿ ಸ್ವಚ್ಛವಾಗಿದೆ. ಮೇಲ್ಭಾಗದಲ್ಲಿ ನನ್ನ ತಮ್ಮ ಬಾಲ್‌ಪೆನ್ನಿನಿಂದ ಒತ್ತಿ ತನ್ನ ಹೆಸರು ಬರೆದುಕೊಂಡಿದ್ದಾನೆ.

ಕಪ್ಪು ನೆಲ, ಸಿಂಧನೂರು

ಹಾಗಾದರೆ ಆ ಅಕ್ಷರಗಳ ಕೆಳಗಿನದು ಬಹುಶಃ ಹೋಗಿದೆ. ಆದರೂ ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ನನ್ನಲ್ಲಿ ಬೇರೆ ಬೇರೆ ಕಾಲದ ಮೂರು ಡ್ರೈವ್‌ಗಳಿವೆ. ಸಿಂಧನೂರಿನ ಕಡೆ ಬಂದಾಗ ಸೀಡಿಯನ್ನು ಜೊತೆಗೆ ತನ್ನಿ, ಮೂರರಲ್ಲೂ ಹಾಕಿ ನೋಡೋಣ.

ಭತ್ತದ ನಾಡು, ಗಂಗಾವತಿ

ಭಾನುವಾರ ಬರುತ್ತೇನೆ. ತಮ್ಮನನ್ನೂ ಕರೆತರುತ್ತೇನೆ.